ಲೋಕೋಪಕಾರದ ಸೂಪಶಾಸ್ತ್ರವೂ ದೇಶಸಾತ್ಮ್ಯವೂ

ಎರಡನೆಯ ಚಾವುಂಡರಾಯನ ಲೋಕೋಪಕಾರಕ್ಕೆ ಸಾಹಿತ್ಯಚರಿತ್ರಕಾರರು ಕೊಡುವ ಸ್ಥಳವು ಬಹಳ ಕಿರಿದು. ಪಶ್ಚಿಮ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಹುಟ್ಟಿದ ಈ ಗ್ರಂಥವು ಜ್ಯೋತಿಷ, ವಾಸ್ತು, ಉದಕಾರ್ಗಳ, ವೃಕ್ಷಾಯುರ್ವೇದ, ಗಂಧಯುಕ್ತಿ, ಸೂಪಶಾಸ್ತ್ರ, ವೈದ್ಯ, ಶಕುನ ಮೊದಲಾದುವನ್ನು ಒಂದೆಡೆ ಸೇರಿಸಿದ ಸಂಗ್ರಹವೆಂದೂ, ಗೃಹಸ್ಥನ ಕೈಪಿಡಿಯೆಂದೂ, ಅಲ್ಲಿ ಕಾವ್ಯಗುಣವನ್ನು ಅರಸಬಾರದೆಂದೂ ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಮೂರನೆಯ ಮಂಗರಸನ ಸೂಪಶಾಸ್ತ್ರದ ಗತಿಯೂ ಇದೇ. ಜಯನೃಪಕಾವ್ಯ, ಸಮ್ಯಕ್ತ್ವಕೌಮುದಿಗಳನ್ನು ಬರೆದ ಕವಿಯು ವಿನೋದಕ್ಕಾಗಿ ಅಡುಗೆಯ ಮೇಲೂ ಕೈಯಾಡಿಸಿದನೆಂಬಂತೆ ಒಂದು ವಾಕ್ಯದಲ್ಲಿ ಅದನ್ನು ಮುಗಿಸುವರು. ತರಗತಿಗಳಲ್ಲಿ ಈ ಎರಡು ಗ್ರಂಥಗಳ ಪದ್ಯವನ್ನು ಪಾಠಕ್ಕೆ ಇಡುವುದು ವಿರಳ.

ಈ ಉಪೇಕ್ಷೆಗೆ ಪ್ರತಿಯಾಗಿ ಈಚಿನ ದಿನಗಳಲ್ಲಿ ಇನ್ನೊಂದು ಅತಿಯು ತಲೆಯೆತ್ತಿದೆ. ಸ್ವಂತ ಮಣ್ಣಿನಲ್ಲಿ ಬೆಳೆದ ಆಹಾರವೇ ಪ್ರಾಣಶಕ್ತಿಯನ್ನು ಕೊಡುವುದೆಂದೂ, ಚೀನೀ ವೈದ್ಯರು ‘ಛೀ’ ಎಂದು ಕರೆಯುವುದೂ ಆಯುರ್ವೇದದ ಓಜಸ್ಸೂ ಒಂದೇ ವಸ್ತುವೆಂದೂ, ಹಳೆಯ ಗ್ರಂಥಗಳೆಲ್ಲ ಇದನ್ನೇ ಸಾರುತ್ತವೆಂದೂ ಹೇಳುವವರು ಹೆಚ್ಚಿದ್ದಾರೆ. ಒಂದು ಪಕ್ಷವು ಗ್ರಂಥವನ್ನು ತೆರೆಯದೆ ಬಿಟ್ಟಿತು, ಇನ್ನೊಂದು ತೆರೆಯದೆಯೇ ಹೊಗಳಿತು. ಲೋಕೋಪಕಾರವೂ ಸೂಪಶಾಸ್ತ್ರವೂ ನಿಜವಾಗಿ ಯಾವ ವಿಚಾರವನ್ನು ಹೊತ್ತು ನಿಂತಿವೆ ಎಂಬುದು ತಿಳಿಯಬೇಕಾದರೆ, ಅವುಗಳ ಹಿಂದಿರುವ ವೈದ್ಯಸಿದ್ಧಾಂತವನ್ನು ಮೊದಲು ಪರಿಶೀಲಿಸಬೇಕು.

ಉಂಡ ಅನ್ನವು ಜಾಠರಾಗ್ನಿಯಿಂದ ಪಕ್ವವಾಗಿ ರಸವಾಗುವುದು. ರಸದಿಂದ ರಕ್ತ, ಬಳಿಕ ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ, ಹೀಗೆ ಏಳು ಧಾತುಗಳು. ಇವೆಲ್ಲದರ ಸಾರಭೂತವಾದುದು ಓಜಸ್ಸು. ಸುಶ್ರುತನು ಅದನ್ನೇ ಬಲವೆಂದು ವ್ಯವಹರಿಸಿದ್ದಾನೆ. ಚರಕಸಂಹಿತೆಯಲ್ಲಿ ಇದಕ್ಕೆ ಹೂವುಹಣ್ಣುಗಳಿಂದ ಜೇನನ್ನು ಕೂಡಿಡುವ ದುಂಬಿಯ ದೃಷ್ಟಾಂತವಿದೆ. ಧಾತುಗಳು ಒಂದರಿಂದೊಂದು ಪೋಷಣೆ ಪಡೆಯುವ ಬಗೆಯನ್ನು ವಿವರಿಸಲು ವ್ಯಾಖ್ಯಾನಕಾರರು ಮೂರು ನ್ಯಾಯಗಳನ್ನು ಹೇಳುವರು: ಹಾಲು ಮೊಸರಾಗುವ ಕ್ಷೀರದಧಿನ್ಯಾಯ, ಕಾಲುವೆಯ ನೀರು ಗದ್ದೆಯಿಂದ ಗದ್ದೆಗೆ ಹಾಯುವ ಕೇದಾರೀಕುಲ್ಯಾನ್ಯಾಯ, ಕಣಕ್ಕೆ ಪಾರಿವಾಳಗಳು ಬಂದು ತಮತಮಗೆ ಬೇಕಾದುದನ್ನು ಹೆಕ್ಕಿಕೊಂಡು ಹೋಗುವ ಖಲೇಕಪೋತನ್ಯಾಯ. ಮೂರರಲ್ಲಿ ಎರಡು ಗದ್ದೆ ಕಣಗಳಿಂದಲೇ ಎತ್ತಿಕೊಂಡವು, ಮೊದಲನೆಯದು ಕೊಟ್ಟಿಗೆಯಿಂದ ಬಂದುದು. ಶರೀರವನ್ನು ಹೇಳಬೇಕಾದಾಗ ಶಾಸ್ತ್ರಕಾರರಿಗೆ ಬೇಸಾಯವೇ ನೆನಪಾದುದು ಆಕಸ್ಮಿಕವೆಂದು ತಳ್ಳಿಬಿಡುವಂತಿಲ್ಲ.

ಇನ್ನು ದೇಶದ ವಿಚಾರ. ಆಹಾರವು ಹಿತವೋ ಅಹಿತವೋ ಎಂದು ನಿರ್ಣಯಿಸಲು ಚರಕನು ವಿಮಾನಸ್ಥಾನದಲ್ಲಿ ಎಂಟು ನಿಮಿತ್ತಗಳನ್ನು ಎಣಿಸಿದ್ದಾನೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ, ಉಪಯೋಕ್ತೃ. ಇವುಗಳಲ್ಲಿ ದೇಶವೊಂದನ್ನೇ ಹಿಡಿದು ಉಳಿದ ಏಳನ್ನು ಕೈಬಿಟ್ಟುದೇ ಈಗಿನ ಪ್ರಚಾರದ ಮೊದಲನೆಯ ದೋಷ. ಎರಡನೆಯ ದೋಷವು ಇದಕ್ಕಿಂತ ದೊಡ್ಡದು. ಹುಟ್ಟಿದ ನಾಡಿನ ಮದ್ದೇ ಹುಟ್ಟಿದವನಿಗೆ ಒಗ್ಗುವುದೆಂಬ ಮಾತು ವೈದ್ಯರಲ್ಲಿ ರೂಢವಾಗಿರುವುದು ನಿಜ. ಆದರೆ ಸಾತ್ಮ್ಯದ ಲಕ್ಷಣವನ್ನು ಹೇಳುವಾಗ ಚರಕನು, ದೇಶದ ಗುಣಕ್ಕೂ ರೋಗದ ಗುಣಕ್ಕೂ ವಿಪರೀತವಾದುದೇ ಸಾತ್ಮ್ಯವೆಂದು ಸ್ಪಷ್ಟವಾಗಿ ನಿರೂಪಿಸಿದ್ದಾನೆ. ಅನೂಪದೇಶವು ನೀರೂ ನೆರಳೂ ಹೆಚ್ಚಾದುದು, ಕಫವಾತಪ್ರಧಾನವಾದುದು. ಅಲ್ಲಿ ವಾಸಿಸುವವನಿಗೆ ಉಷ್ಣವೂ ರೂಕ್ಷವೂ ಲಘುವೂ ಆದ ಆಹಾರವು ಹಿತ. ಅಂಥ ನೆಲದಲ್ಲಿ ಸಹಜವಾಗಿ ಬೆಳೆಯುವುದಾದರೋ ಬಹುಮಟ್ಟಿಗೆ ಗುರುವೂ ಸ್ನಿಗ್ಧವೂ ಆದ ವಸ್ತುವೇ. ಹಾಗಾದರೆ ಊರಿನ ಬೆಳೆಯು ಊರಿನವನಿಗೆ ಹಿತವೋ ಅಹಿತವೋ? ಒಂದು ವಚನದಂತೆ ಹಿತ, ಇನ್ನೊಂದರಂತೆ ಅಹಿತ. ಶಾಸ್ತ್ರದಲ್ಲಿಯೇ ಇರುವ ಈ ವಿರೋಧವನ್ನು ಗಮನಿಸದೆ ದೇಶಸಾತ್ಮ್ಯದ ಹೆಸರು ಹೇಳುವುದು ವ್ಯರ್ಥ.

ಈ ವಿರೋಧಕ್ಕೆ ಪರಿಹಾರವು ಅದೇ ಎಂಟರ ಪಟ್ಟಿಯಲ್ಲಿ ಎರಡನೆಯದಾದ ಕರಣದಲ್ಲಿದೆ. ಕರಣವೆಂದರೆ ಸಂಸ್ಕಾರ: ತೊಳೆಯುವುದು, ನೆನಸುವುದು, ಬೇಯಿಸುವುದು, ಕಡೆಯುವುದು, ಪಾತ್ರೆ ಕಾಲಗಳಿಂದ ವಸ್ತುವಿನ ಗುಣವನ್ನು ಬದಲಿಸುವುದು. ನೆಲವು ಕೊಟ್ಟ ವಸ್ತುವಿಗೆ ನೆಲದ ದೋಷವನ್ನು ತಡೆಯುವ ಗುಣವನ್ನು ಅಡುಗೆಮನೆಯು ಕೊಡಬಹುದು. ಹೀಗೆ ನೋಡಿದರೆ ಸೂಪಶಾಸ್ತ್ರವು ನಾಲಗೆಯ ಚಾಪಲ್ಯಕ್ಕಾಗಿ ಹುಟ್ಟಿದ ಶಾಸ್ತ್ರವಲ್ಲ. ಕೃಷಿಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ನಡುವೆ ಇರಲೇಬೇಕಾದ ಕೊಂಡಿ ಅದು.

ಮಣ್ಣಿನ ವಿಚಾರದಲ್ಲಿ ಪ್ರಾಚೀನರು ಎಷ್ಟು ಸೂಕ್ಷ್ಮವಾಗಿ ನೋಡಿದ್ದರೆಂಬುದಕ್ಕೆ ಸುಶ್ರುತಸಂಹಿತೆಯ ಅನ್ನಪಾನವಿಧಿಯ ಅಧ್ಯಾಯವು ಸಾಕ್ಷಿ. ಅಲ್ಲಿ ಬತ್ತವನ್ನು ಶಾಲಿ, ವ್ರೀಹಿ, ಷಷ್ಟಿಕ ಎಂದು ಜಾತಿಯಿಂದ ವಿಂಗಡಿಸಿದುದಲ್ಲದೆ, ಅದು ಬೆಳೆದ ನೆಲದಿಂದಲೂ ವಿಂಗಡಿಸಿದ್ದಾರೆ. ಕಾಡು ಸುಟ್ಟ ನೆಲದಲ್ಲಿ ಬೆಳೆದುದಕ್ಕೆ ಒಂದು ಗುಣ, ಒಣನೆಲದಲ್ಲಿ ಬೆಳೆದುದಕ್ಕೆ ಇನ್ನೊಂದು, ನೀರು ನಿಂತ ಗದ್ದೆಯದಕ್ಕೆ ಮತ್ತೊಂದು, ಕಿತ್ತು ನೆಟ್ಟ ಪೈರಿನದಕ್ಕೆ ಬೇರೊಂದು. ಸುಟ್ಟ ನೆಲದ ಬತ್ತವು ಲಘು, ಗದ್ದೆಯ ಬತ್ತವು ಮಧುರವೂ ಗುರುವೂ ಆದುದು, ನೆಟ್ಟ ಬತ್ತವು ಬೇಗ ಜೀರ್ಣವಾಗುವುದು. ಮಲೆನಾಡಿನವನಿಗೆ ಇದನ್ನು ಓದಿದೊಡನೆ ಕುಮರಿಯ ಬೇಸಾಯವೂ ನಾಟಿಯ ಗದ್ದೆಯೂ ಕಣ್ಣಿಗೆ ಕಟ್ಟುವುವು. ಸಂಹಿತೆಯನ್ನು ವ್ಯಾಕರಣದ ಬಲದಿಂದ ಮಾತ್ರ ಬಿಡಿಸುವ ಪಂಡಿತನಿಗೆ ‘ದಗ್ಧಭೂಮಿ’ ಎಂಬುದು ಒಂದು ಸಮಾಸವಷ್ಟೆ!

ಈಗ ಚೀನೀ ವೈದ್ಯದ ಮಾತು. ಆ ದೇಶದ ಮೂಲಗ್ರಂಥವಾದ ಹುವಾಂಗ್‌ದಿ ನೈಜಿಂಗ್ ಎಂಬುದು ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡುದೆಂದು ವಿದ್ವಾಂಸರ ಮತ. ಆತ್ರೇಯ ಅಗ್ನಿವೇಶರ ಪ್ರಶ್ನೋತ್ತರದಂತೆ ಅಲ್ಲಿಯೂ ಹಳದಿ ಚಕ್ರವರ್ತಿಯು ಕೇಳುವನು, ಛೀಬೋ ಎಂಬ ಮಂತ್ರಿಯು ಹೇಳುವನು. ಅದರ ಸುವೆನ್ ಎಂಬ ಭಾಗದ 12ನೆಯ ಅಧ್ಯಾಯವು ಪ್ರಕೃತ ವಿಷಯಕ್ಕೆ ಬಹಳ ಹತ್ತಿರದ್ದು. ಒಂದೇ ರೋಗಕ್ಕೆ ವೈದ್ಯರು ಬೇರೆಬೇರೆ ಚಿಕಿತ್ಸೆ ಮಾಡಿದರೂ ಎಲ್ಲವೂ ಫಲಿಸುವುದೇಕೆ ಎಂಬುದು ಚಕ್ರವರ್ತಿಯ ಪ್ರಶ್ನೆ. ನೆಲದ ಭೇದದಿಂದ ಎಂಬುದು ಉತ್ತರ. ಪೂರ್ವದವರು ಕಡಲ ತಡಿಯಲ್ಲಿದ್ದು ಮೀನು ಉಪ್ಪುಗಳನ್ನು ತಿನ್ನುವರು, ಅವರಿಗೆ ಹುಣ್ಣುಗಳು ಹೆಚ್ಚು, ಆದುದರಿಂದ ಕಲ್ಲಿನ ಸೂಜಿಯ ಚಿಕಿತ್ಸೆಯು ಅಲ್ಲಿ ಹುಟ್ಟಿತು. ಪಶ್ಚಿಮದವರು ಮರಳು ಕಲ್ಲುಗಳ ನಾಡಿನಲ್ಲಿ ಕೊಬ್ಬಿದ ಆಹಾರವನ್ನು ತಿನ್ನುವರು, ಅವರ ರೋಗಗಳು ಒಳಗೆ ಹುಟ್ಟುವುವು, ಅಲ್ಲಿಂದ ತೀಕ್ಷ್ಣವಾದ ಔಷಧಗಳು ಬಂದುವು. ಉತ್ತರದ ಚಳಿಯವರಿಗೆ ಹಾಲು ಆಹಾರ, ಸುಡುವ ಚಿಕಿತ್ಸೆ ಮದ್ದು. ದಕ್ಷಿಣದ ತೇವದ ನಾಡಿನವರು ಹುಳಿಯನ್ನು ಇಷ್ಟಪಡುವರು, ಅವರಿಗೆ ಸಣ್ಣ ಸೂಜಿಗಳು. ನಡುನಾಡಿನವರು ಬಗೆಬಗೆಯ ಆಹಾರವನ್ನು ಉಂಡು ಶ್ರಮಪಡದೆ ಇರುವರು, ಅವರಿಗೆ ಅಂಗಮರ್ದನ ವ್ಯಾಯಾಮಗಳು.

ಇಲ್ಲಿ ಗಮನಿಸಬೇಕಾದುದು ಎರಡು ಅಂಶ. ನಾಡಿನ ಆಹಾರವು ಪೋಷಕವೆಂದಷ್ಟೇ ಈ ಅಧ್ಯಾಯವು ಹೇಳುವುದಿಲ್ಲ, ಅದೇ ಆಹಾರವನ್ನು ನಾಡಿನ ರೋಗಕ್ಕೆ ಕಾರಣವಾಗಿಯೂ ನಿಲ್ಲಿಸುವುದು. ಮತ್ತು ಕೊನೆಯಲ್ಲಿ ಅದು ನಾಡಿನ ಗಡಿಯೊಳಗೆ ನಿಲ್ಲುವುದಿಲ್ಲ. ಜ್ಞಾನಿಯಾದ ವೈದ್ಯನು ಐದು ದಿಕ್ಕಿನ ಚಿಕಿತ್ಸೆಗಳನ್ನೂ ಕೂಡಿಸಿಕೊಂಡು ಯಾರಿಗೆ ಯಾವುದು ತಕ್ಕುದೋ ಅದನ್ನು ಮಾಡುವನೆಂದು ಮುಗಿಯುವುದು. ಮನೆಯಂಗಳದ ಬೆಳೆಯೊಂದೇ ಸಾಕೆನ್ನುವವರಿಗೆ ಚೀನದ ಕಡೆಯಿಂದಲೂ ಬೆಂಬಲವಿಲ್ಲವೆಂದಾಯಿತು.

ಛೀ ಎಂಬುದನ್ನು ಓಜಸ್ಸಿಗೆ ಸಮೀಕರಿಸುವುದೂ ಸರಿಯಲ್ಲ. ಆ ಶಬ್ದಕ್ಕೆ ಚೀನೀಯರು ಬರೆಯುವ ಹಳೆಯ ಲಿಪಿಚಿಹ್ನೆಯೊಳಗೆ ಅಕ್ಕಿಯ ಚಿಹ್ನೆಯೊಂದು ಸೇರಿಕೊಂಡಿದೆ, ಮೇಲಿನ ಭಾಗವು ಆವಿಯನ್ನು ಸೂಚಿಸುವುದು. ಧಾನ್ಯದಿಂದ ಹುಟ್ಟಿದ ಛೀಯೂ ಉಸಿರಿನಿಂದ ಬಂದ ಛೀಯೂ ಎದೆಯಲ್ಲಿ ಕೂಡುವುವೆಂದು ಅವರ ಮತ. ಅದು ಚಲಿಸುವ ಶಕ್ತಿ, ನಾಡಿಗಳಲ್ಲಿ ಹರಿಯುವುದು. ಈ ದೃಷ್ಟಿಯಿಂದ ಅದು ಪ್ರಾಣವಾಯುವಿಗೆ ಹತ್ತಿರ. ಓಜಸ್ಸಾದರೋ ಹೃದಯದಲ್ಲಿ ನೆಲಸಿದ ಸಾರದ್ರವ್ಯ, ಅದಕ್ಕೆ ಬಣ್ಣವೂ ಪ್ರಮಾಣವೂ ಹೇಳಲ್ಪಟ್ಟಿವೆ. ಚೀನೀಯರು ‘ಜಿಂಗ್’ ಎಂದು ಕರೆಯುವ ಬೀಜಸಾರದೊಡನೆ ಅದನ್ನು ಹೋಲಿಸಿದರೆ ಸ್ವಲ್ಪ ಸಲ್ಲಬಹುದು. ನಿಜವಾದ ಸಾಮ್ಯವು ಇರುವುದು ಬೇರೊಂದೆಡೆ. ನಮ್ಮ ವೈದ್ಯರು ಅಗ್ನಿಗೆ ಕೊಟ್ಟ ಸ್ಥಾನವನ್ನು ಅವರು ಪ್ಲೀಹ ಮತ್ತು ಉದರಗಳಿಗೆ ಕೊಟ್ಟಿದ್ದಾರೆ. 1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದಾಗ ಲೀ ಗಾವ್ ಎಂಬ ವೈದ್ಯನು ಹಸಿವು ಆಯಾಸಗಳಿಂದ ಕಂಗೆಟ್ಟ ಜನರು ಸಾಯುವುದನ್ನು ಕಣ್ಣಾರೆ ಕಂಡನು. ಇತರ ವೈದ್ಯರು ಅದನ್ನು ಹೊರಗಿನ ಶೀತದ ಜ್ವರವೆಂದೆಣಿಸಿ ಬೆವರಿಸುವ ಮದ್ದು ಕೊಟ್ಟರು. ಇವನು ಉದರದ ಶಕ್ತಿಯು ಕೆಟ್ಟುದೇ ಮೂಲವೆಂದನು. 1249ರ ಅವನ ‘ಪೀ ವೈ ಲುನ್’ ಎಂಬ ಗ್ರಂಥವು ಈ ಅನುಭವದ ಫಲ. ಪಚನವಿಲ್ಲದೆ ಆಹಾರವು ಬಲವಾಗದು ಎಂಬಲ್ಲಿ ಎರಡು ದೇಶಗಳ ವೈದ್ಯರೂ ಒಂದೇ ಮಾತನ್ನು ಆಡುವರು, ಮಿಕ್ಕಲ್ಲಿ ತಂತಮ್ಮ ದಾರಿ.

ಈ ಹಿನ್ನೆಲೆಯಲ್ಲಿ ಲೋಕೋಪಕಾರವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಚಾವುಂಡರಾಯನು ಬಿಡಿಬಿಡಿಯಾದ ವಿಷಯಗಳನ್ನು ಮೂಟೆಕಟ್ಟಿದನೆಂಬ ಆಕ್ಷೇಪವು ಗ್ರಂಥದ ನಡುವಣ ಭಾಗಕ್ಕೆ ಸಲ್ಲದು. ನೆಲದೊಳಗೆ ನೀರನ್ನು ಕಾಣುವ ಉದಕಾರ್ಗಳ, ಆ ನೀರಿನಿಂದ ಗಿಡಮರಗಳನ್ನು ಬೆಳೆಸಿ ಅವುಗಳ ರೋಗಕ್ಕೆ ಮದ್ದು ಮಾಡುವ ವೃಕ್ಷಾಯುರ್ವೇದ, ಬೆಳೆದುದನ್ನು ಬೇಯಿಸುವ ಸೂಪಶಾಸ್ತ್ರ, ಉಂಡವನ ಶರೀರವನ್ನು ನೋಡಿಕೊಳ್ಳುವ ವೈದ್ಯ, ಇವು ಒಂದೇ ಹೊತ್ತಗೆಯಲ್ಲಿ ಒಂದರ ಹಿಂದೆ ಒಂದು ಬರುವಾಗ ಅಲ್ಲಿ ಒಂದು ಕ್ರಮವಿದೆಯೆಂದು ಒಪ್ಪಲೇಬೇಕು. ನಡುವೆ ಬರುವ ಗಂಧಯುಕ್ತಿಯು ಈ ಸರಪಳಿಗೆ ಅಷ್ಟಾಗಿ ಹೊಂದುವುದಿಲ್ಲ, ಅದು ಅರಮನೆಯ ರುಚಿಗೆ ಸಂದ ಕಾಣಿಕೆ. ಜ್ಯೋತಿಷ ಶಕುನಗಳ ಅಧ್ಯಾಯಗಳು ಆ ಕಾಲದ ಗೃಹಸ್ಥನ ಅಗತ್ಯವಾಗಿದ್ದರೂ ಬೇರೆ ದಾರಿಯವು. ಆದರೆ ನೀರಿನಿಂದ ನಾಡಿಯವರೆಗಿನ ಈ ನಡೆ ಚಾವುಂಡರಾಯನಲ್ಲಿ ಸ್ಪಷ್ಟವಾಗಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉದಕಾರ್ಗಳವೂ ವೃಕ್ಷಾಯುರ್ವೇದವೂ ಉಂಟು, ಚಾವುಂಡರಾಯನು ಅವನಿಗೆ ಋಣಿಯೂ ಹೌದು. ಅಲ್ಲಿಂದ ಅಡುಗೆಮನೆಗೂ ಅಲ್ಲಿಂದ ರೋಗಿಯ ಹಾಸಿಗೆಗೂ ದಾರಿಮಾಡಿ, ಅದನ್ನು ಕನ್ನಡದ ಪದ್ಯದಲ್ಲಿ ಹೇಳಿದುದು ಅವನ ವಿಶೇಷ. ಬೀಜಕ್ಕೆ ಸಂಸ್ಕಾರ, ಗಿಡಕ್ಕೆ ಚಿಕಿತ್ಸೆ, ಬೇಳೆಗೆ ಪಾಕ, ದೇಹಕ್ಕೆ ಔಷಧ, ನಾಲ್ಕೂ ಅವನ ದೃಷ್ಟಿಯಲ್ಲಿ ಒಂದೇ ಬಗೆಯ ಕೆಲಸ.

ಅವನ ಸೂಪಶಾಸ್ತ್ರದಲ್ಲಿ ಬರುವ ಇಡ್ಡಲಿಗೆಯ ಪ್ರಸ್ತಾಪವು ಎಲ್ಲರೂ ಬಲ್ಲುದು. ಆ ಹೆಸರು ಸುಮಾರು 920ರ ವಡ್ಡಾರಾಧನೆಯಲ್ಲಿಯೇ ಕಾಣಿಸಿಕೊಳ್ಳುವುದು. ಮಾಡುವ ಬಗೆಯನ್ನು ಹೇಳಿದವನು ಚಾವುಂಡರಾಯ. ಉದ್ದನ್ನು ಮಜ್ಜಿಗೆಯಲ್ಲಿ ನೆನಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ ಕೊತ್ತಂಬರಿ ಮೆಣಸು ಇಂಗುಗಳನ್ನೂ ಕೂಡಿಸುವುದು ಅವನ ವಿಧಾನ. ಅಕ್ಕಿಯ ಮಾತೇ ಇಲ್ಲ. ಒಂದು ಶತಮಾನದ ಬಳಿಕ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬರುವ ಇಡ್ಡರಿಕೆಯೂ ಉದ್ದಿನದೇ. ಇದನ್ನು ತಿಂಡಿಯ ಇತಿಹಾಸಕ್ಕೆ ಒಂದು ಸ್ವಾರಸ್ಯವಾದ ಸಂಗತಿಯೆಂದು ಎತ್ತಿ ಹೇಳುವುದುಂಟು. ಅದಕ್ಕಿಂತ ಮುಖ್ಯವಾದುದು ಪಾಕದ ತರ್ಕ. ಉದ್ದು ಗುರು, ಸ್ನಿಗ್ಧ, ಕಫಕರವೆಂದು ನಿಘಂಟುಗಳು ಹೇಳುವುವು. ಅದನ್ನು ಹುಳಿಯಲ್ಲಿ ನೆನಸಿ, ಕಟುದ್ರವ್ಯಗಳನ್ನು ಬೆರಸುವುದೆಂದರೆ ಅದರ ಗುರುತ್ವಕ್ಕೆ ವಿಪರೀತವಾದುದನ್ನು ಒಡ್ಡುವುದು. ಚಾವುಂಡರಾಯನು ಇಲ್ಲಿ ಚರಕನ ಹೆಸರೆತ್ತದಿದ್ದರೂ ಕರಣದ ಲಕ್ಷಣವನ್ನು ಅನುಸರಿಸಿಯೇ ಇದ್ದಾನೆ.

ಹೀಗೆಂದು ಲೋಕೋಪಕಾರವನ್ನು ಮಹಾಕಾವ್ಯವೆಂದು ಕೂರಿಸಬೇಕಾಗಿಲ್ಲ. ಪದ್ಯಗಳು ಬಹುಕಡೆ ಒರಟು, ವಸ್ತುಗಳ ಹೆಸರುಗಳಿಂದ ಕಿಕ್ಕಿರಿದವು. ಪಂಪನನ್ನು ಓದಿದ ಕಿವಿಗೆ ಅವು ರುಚಿಸದಿರುವುದು ಸಹಜ. ಆದರೆ ಶಾಸ್ತ್ರಕಾವ್ಯವನ್ನು ಅಳೆಯುವ ಕೋಲು ಬೇರೆ. ವಸ್ತುವು ಸರಿಯಾದ ಹೆಸರಿನಿಂದ, ಸರಿಯಾದ ಕ್ರಮದಲ್ಲಿ, ಮರೆಯಲಾಗದ ಬಂಧದಲ್ಲಿ ಬಂದಿದೆಯೇ ಎಂಬುದೇ ಅಲ್ಲಿ ಪ್ರಶ್ನೆ. ಈ ಮೂರರಲ್ಲಿ ಮೊದಲನೆಯದರಲ್ಲಿಯೂ ಎರಡನೆಯದರಲ್ಲಿಯೂ ಚಾವುಂಡರಾಯನು ಗೆದ್ದಿದ್ದಾನೆ.

ಮೂರನೆಯದರಲ್ಲಿ ಗೆದ್ದವನು ಮಂಗರಸ. ಚೆಂಗಾಳ್ವರ ನಾಡಿನ ಕಲ್ಲಹಳ್ಳಿಯವನಾದ ಈ ಜೈನಕವಿಯು ಹದಿನಾರನೆಯ ಶತಮಾನದ ಮೊದಲ ಭಾಗದವನು. ಅವನ ಸೂಪಶಾಸ್ತ್ರವು ಆರು ಅಧ್ಯಾಯಗಳುಳ್ಳುದು, ವಾರ್ಧಕಷಟ್ಪದಿಯಲ್ಲಿದೆ. ಭಕ್ಷ್ಯ, ಪಾನಕ, ಪಾಯಸ, ಅನ್ನಗಳ ಬಳಿಕ ಬದನೆಗೇ ಪ್ರತ್ಯೇಕವಾಗಿ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಹಲಸು, ಬಾಳೆ, ಕಳಲೆಗಳಿಗೂ ಗ್ರಂಥದಲ್ಲಿ ಸ್ಥಾನವುಂಟು. ಕಾಯಿಪಲ್ಯವೊಂದಕ್ಕೆ ಅಧ್ಯಾಯವನ್ನೇ ಕೊಟ್ಟುದನ್ನು ಕಂಡು ನಕ್ಕವರಿದ್ದಾರೆ. ಮಾಂಸವನ್ನೂ ಅನೇಕ ಕಂದಮೂಲಗಳನ್ನೂ ವರ್ಜಿಸಿದ ಜೈನನ ಅಡುಗೆಮನೆಗೆ ಬಗೆಬಗೆಯ ಸಂಸ್ಕಾರವನ್ನು ತಾಳಿಕೊಳ್ಳುವ ಒಂದು ಕಾಯಿ ಎಷ್ಟು ದೊಡ್ಡ ಆಧಾರವೆಂಬುದನ್ನು ಅವರು ಯೋಚಿಸಿದಂತೆ ತೋರದು. ವಾರ್ಧಕದ ದೀರ್ಘವಾದ ನಡೆ ಪಾಕಕ್ರಮವನ್ನು ಹೇಳಲು ಬಹಳ ಅನುಕೂಲವಾದುದು. ಹೆಚ್ಚು, ಹುರಿ, ಕೂಡಿಸು, ಮುಚ್ಚು, ಇಳಿಸು ಎಂಬ ಕ್ರಿಯೆಗಳು ಅದರ ಸಾಲುಗಳಲ್ಲಿ ಒಂದರ ಕೊರಳಿಗೆ ಒಂದು ಬಿದ್ದು ಸಾಗುವುವು. ಅಧಿಕಾರ ನಡೆಸಿದ ಮನೆತನದ ಗಂಡಸೊಬ್ಬನು ಈ ಕ್ರಿಯೆಗಳನ್ನು ಇಷ್ಟು ಬಲ್ಲನೆಂದರೆ ಅವನಿಗೆ ಇದನ್ನು ಹೇಳಿಕೊಟ್ಟ ಹೆಂಗಸರೂ ಬಾಣಸಿಗರೂ ಇದ್ದಿರಲೇಬೇಕು. ಗ್ರಂಥದಲ್ಲಿ ಅವರ ಹೆಸರಿಲ್ಲ.

ಮಂಗರಸನ ದೋಷವನ್ನೂ ಹೇಳಬೇಕು. ಅವನಲ್ಲಿ ರುಚಿಯ ವರ್ಣನೆಯು ಗುಣದ ವಿಚಾರವನ್ನು ಹಿಂದಕ್ಕೆ ತಳ್ಳಿದೆ. ಚಾವುಂಡರಾಯನಲ್ಲಿ ಸೂಪಕ್ಕೆ ಹಿಂದೆ ಗಿಡವೂ ಮುಂದೆ ರೋಗಿಯೂ ನಿಂತಿದ್ದರೆ, ಮಂಗರಸನಲ್ಲಿ ಪಾಕವು ಅಟ್ಟಲೆಯ ಮನೆಯಲ್ಲಿಯೇ ಹುಟ್ಟಿ ಎಲೆಯ ಮೇಲೆಯೇ ಮುಗಿಯುವುದು. ಕಲೆಯಲ್ಲಿ ಇದು ಲಾಭ, ವಿಚಾರದಲ್ಲಿ ನಷ್ಟ.

ಮೂರನೆಯದಾಗಿ ಶಿವಮೊಗ್ಗೆಯ ಸೀಮೆಗೇ ಸೇರಿದ ಗ್ರಂಥವೊಂದಿದೆ. ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವು 9 ಕಲ್ಲೋಲಗಳೂ 108 ತರಂಗಗಳೂ ಉಳ್ಳ ಮಹಾಸಂಗ್ರಹ. ಪಾಕಶಾಲೆ, ಪಾತ್ರೆಗಳು, ಅನ್ನಶಾಕಾದಿಗಳ ಪಾಕ, ಇವುಗಳ ವಿಚಾರವೂ ಅದರಲ್ಲಿ ಉಂಟು. ತುಂಗೆ ಭದ್ರೆ ಶರಾವತಿಗಳ ನೀರುಂಡ ಅರಸನ ಗ್ರಂಥವಾದುದರಿಂದ ಮಲೆನಾಡಿನ ಅಡುಗೆಯು ಇಲ್ಲಿ ಸಮೃದ್ಧವಾಗಿ ಸಿಕ್ಕೀತೆಂದು ನಿರೀಕ್ಷಿಸುವವನು ಎಚ್ಚರದಿಂದಿರಬೇಕು. ಈ ಗ್ರಂಥವು ಮಾನಸೋಲ್ಲಾಸವೇ ಮೊದಲಾದ ಪೂರ್ವಗ್ರಂಥಗಳಿಂದ ಧಾರಾಳವಾಗಿ ಎತ್ತಿಕೊಂಡುದು. ಭಾಷೆಯು ಸಂಸ್ಕೃತವಾದುದರಿಂದ ಸೊಪ್ಪು ಸದೆಗಳು ‘ಶಾಕ’ವೆಂಬ ಸಾಮಾನ್ಯನಾಮದ ಮರೆಗೆ ಹೋಗುವುವು. ಸಂಸ್ಕೃತದ ಹೆಸರು ಕಾಶಿಯಿಂದ ಕೆಳದಿಯವರೆಗೆ ನಡೆಯುವ ನಾಣ್ಯ, ಅದರ ಉಪಕಾರ ದೊಡ್ಡದು. ಆದರೆ ಹಿತ್ತಲಿನ ಗಿಡವನ್ನು ಗುರುತಿಸಲು ಆ ನಾಣ್ಯವು ಸಾಲದು. ಇದೇ ಮನೆತನದ ಶಿವಪ್ಪನಾಯಕನು ಹದಿನೇಳನೆಯ ಶತಮಾನದ ಮಧ್ಯದಲ್ಲಿ ಭೂಮಿಯ ಸತ್ತ್ವವನ್ನೂ ನೀರಿನ ಅನುಕೂಲವನ್ನೂ ನೋಡಿ ಕಂದಾಯವನ್ನು ಗೊತ್ತುಮಾಡಿದ ‘ಶಿಸ್ತು’ ಪ್ರಸಿದ್ಧವಾಗಿದೆ. ನೆಲದ ಗುಣವನ್ನು ಕನ್ನಡದ ಲೆಕ್ಕದಲ್ಲಿ ಅಷ್ಟು ಬಿಡಿಸಿ ಬರೆದ ಮನೆತನವು, ಅನ್ನದ ಗುಣವನ್ನು ಬರೆಯುವಾಗ ಸಂಸ್ಕೃತದ ಸಾಮಾನ್ಯಕ್ಕೆ ಹೋದುದು ಯೋಚಿಸತಕ್ಕ ವಿಷಯ. ಕಂದಾಯದ ಕಡತವು ಊರವರಿಗಾಗಿ, ರತ್ನಾಕರವು ದೇಶದ ಪಂಡಿತರಿಗಾಗಿ.

ಹಾಗಾದರೆ ಮಲೆನಾಡಿನಲ್ಲಿ ದೇಶಸಾತ್ಮ್ಯವು ಎಲ್ಲಿ ಉಳಿಯಿತು? ಶಿವಮೊಗ್ಗೆಯ ಗೋಪಾಳದ ಕಡೆಗೆ ಹೋದರೆ ಈಗ ಕಾಣುವುದು ನಗರದ ಬಡಾವಣೆಯ ಮನೆಸಾಲುಗಳು. ಆದರೂ ಇಂಥ ಮನೆಗಳ ಹಿತ್ತಲಿನಲ್ಲಿ ಬಸಳೆ, ದೊಡ್ಡಪತ್ರೆ, ಒಂದೆಲಗ, ಕೆಸುವುಗಳು ಮರೆಯಾಗಿಲ್ಲ. ಕೆಸುವಿನ ದೃಷ್ಟಾಂತವೊಂದೇ ಸಾಕು. ಅದು ನೀರುನೆಲದ ಗಿಡ, ಆಷಾಢ ಶ್ರಾವಣಗಳ ಮಳೆಯಲ್ಲಿ ಹುಲುಸಾಗಿ ಬೆಳೆಯುವುದು. ಚರಕನ ಋತುಚರ್ಯೆಯಂತೆ ವರ್ಷಾಕಾಲದಲ್ಲಿ ಅಗ್ನಿಯು ಮಂದವಾಗಿರುವುದು; ಆಗ ಹಳೆಯ ಧಾನ್ಯವೂ ಹುಳಿ ಉಪ್ಪುಗಳೂ ಕಾಯಿಸಿದ ನೀರೂ ಹಿತ. ಅಂಥ ಕಾಲದಲ್ಲಿ ಕೆಸುವಿನಂತಹ ಗುರುದ್ರವ್ಯವನ್ನು ತಿನ್ನುವುದು ಮೇಲುನೋಟಕ್ಕೆ ಶಾಸ್ತ್ರವಿರುದ್ಧ. ಎಲೆಯಲ್ಲಿ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುವುದರಿಂದ ಗಂಟಲು ಕೆರೆಯುವುದು ಬೇರೆ. ಆದರೆ ಮಲೆನಾಡಿನ ಗೃಹಿಣಿಯು ಅದನ್ನು ಹಾಗೆಯೇ ಬೇಯಿಸುವಳೇ? ಹುಣಿಸೆಯ ಹುಳಿ ಬೆರಸಿ, ನೆನಸಿದ ಅಕ್ಕಿಯನ್ನು ಖಾರದೊಡನೆ ರುಬ್ಬಿ, ಎಲೆಗೆ ಬಳಿದು ಸುರುಳಿ ಸುತ್ತಿ ಆವಿಯಲ್ಲಿ ಬೇಯಿಸಿ ಪತ್ರೊಡೆ ಮಾಡುವಳು. ಕಳಲೆಯೂ ಹಾಗೆಯೇ. ಎಳೆಯ ಬಿದಿರಿನಲ್ಲಿ ಸಯನೈಡನ್ನು ಹುಟ್ಟಿಸುವ ದ್ರವ್ಯವಿದೆಯೆಂದು ಇಂದಿನ ವಿಜ್ಞಾನವು ಹೇಳುವುದು. ಕಳಲೆಯನ್ನು ಹೆಚ್ಚಿ, ಎರಡು ಮೂರು ದಿನ ನೀರನ್ನು ಬದಲಿಸುತ್ತ ನೆನಸಿಟ್ಟು, ಬಳಿಕ ಬೇಯಿಸುವ ಪದ್ಧತಿಯು ಆ ವಿಜ್ಞಾನಕ್ಕಿಂತ ಎಷ್ಟೋ ಹಳೆಯದು. ನೆಲವು ಕೊಟ್ಟುದನ್ನು ಬಿಡಲಿಲ್ಲ, ಕೊಟ್ಟ ಹಾಗೆಯೇ ತಿನ್ನಲೂ ಇಲ್ಲ. ಅಡಕೆಯ ತೋಟದಲ್ಲಿ ಮರವನ್ನು ತಬ್ಬಿಕೊಂಡು ಬೆಳೆಯುವ ಮೆಣಸಿನ ಬಳ್ಳಿಯು ಆ ಅನೂಪದೇಶದ್ದೇ ಆಗಿದ್ದು ಗುಣದಿಂದ ಆ ದೇಶಕ್ಕೆ ವಿಪರೀತವಾದುದು. ಹಿಂದೆ ಹೇಳಿದ ಎರಡು ವಚನಗಳ ವಿರೋಧವು ಇಲ್ಲಿ ತಾನಾಗಿ ಪರಿಹಾರವಾಗುವುದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಇಂದಿನ ಪತ್ರೊಡೆಗೆ ಹಾಕುವ ಖಾರವು ಒಣಮೆಣಸಿನಕಾಯಿಯದು. ಅದು ಪೋರ್ಚುಗೀಸರ ಮೂಲಕ ಅಮೆರಿಕದಿಂದ ಬಂದ ವಸ್ತು, ಚಾವುಂಡರಾಯನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಅನ್ಯದೇಶದ ದ್ರವ್ಯವು ಸಾತ್ಮ್ಯವಾಗುವುದು ಹೇಗೆ? ಇದಕ್ಕೆ ಸಮಾಧಾನವು ಓಕಸಾತ್ಮ್ಯ. ನಿತ್ಯದ ಅಭ್ಯಾಸದಿಂದ ಒಗ್ಗಿದುದೂ ಸಾತ್ಮ್ಯವೇ ಎಂದು ಚರಕನ ಮತ. ಶಾಸ್ತ್ರವು ಮಣ್ಣಿನ ಜಾತಿಯನ್ನು ಕೇಳುವುದಕ್ಕಿಂತ ದೇಹದ ಅಭ್ಯಾಸವನ್ನೂ ಗುಣವನ್ನೂ ಕೇಳುವುದು. ಹೊಸದನ್ನೆಲ್ಲ ಮ್ಲೇಚ್ಛವೆಂದು ದೂಡುವವರಿಗೆ ಸಂಹಿತೆಗಳಲ್ಲಿ ಆಧಾರವಿಲ್ಲ.

ಆದರೆ ಅಭ್ಯಾಸವೇ ಕಡಿದುಹೋದರೆ ಓಕಸಾತ್ಮ್ಯಕ್ಕೂ ನೆಲೆಯಿಲ್ಲ. ಶಿವಮೊಗ್ಗೆಯ ಸುತ್ತಿನ ಎಷ್ಟೋ ಗದ್ದೆಗಳು ಅಡಕೆಯ ತೋಟಗಳಾಗಿ ಮಾರ್ಪಟ್ಟಿವೆ. ಸುವಾಸನೆಯ ಗಂಧಸಾಲೆ, ವರದೆಯ ಬಯಲಿನಲ್ಲಿ ನೆರೆಯ ನೀರನ್ನು ತಾಳಿಕೊಂಡು ನಿಲ್ಲುವ ನೆರೆಗುಳಿ, ಇಂಥ ಬತ್ತಗಳ ಹೆಸರು ಬಲ್ಲವರು ಕಡಮೆಯಾಗುತ್ತಿದ್ದಾರೆ. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಸುತ್ತಣ ಕಾಡುಗಳ ಬಿದಿರು ಕಚ್ಚಾವಸ್ತುವಾಯಿತು. ಕಳಲೆಯಾಗಿ ಅಡುಗೆಮನೆಗೆ ಬರುತ್ತಿದ್ದುದು ಬೆಳೆದು ಕಾಗದವಾಗಿ ಪಂಡಿತರ ಮೇಜಿನ ಮೇಲೆ ಕುಳಿತಿತು, ಆ ಕಾಗದದ ಮೇಲೆ ಕಳಲೆಯ ಪದ್ಯಕ್ಕೆ ಟಿಪ್ಪಣಿ ಬರೆಯಬೇಕೆಂದು ಹೆಚ್ಚು ಮಂದಿಗೆ ತೋಚಲಿಲ್ಲ. ವಸ್ತುವು ಹೋದರೆ ಹೆಸರು ಕೆಲಕಾಲ ಗ್ರಂಥದಲ್ಲಿ ಉಳಿಯಬಹುದು; ಗ್ರಂಥವನ್ನೂ ಓದದಿದ್ದರೆ ಎರಡೂ ಹೋಗುವುವು.

ಸಾಹಿತ್ಯದ ಅಧ್ಯಾಪಕರಿಗೂ ಸಂಪಾದಕರಿಗೂ ಈ ವಿಚಾರದಲ್ಲಿ ನೇರವಾದ ಕೆಲಸವುಂಟು. ಲೋಕೋಪಕಾರವು 1950ರಲ್ಲಿ ಮದರಾಸಿನ ಸರಕಾರೀ ಪ್ರಾಚ್ಯ ಹಸ್ತಪ್ರತಿ ಭಂಡಾರದಿಂದ ಎಚ್. ಶೇಷಯ್ಯಂಗಾರರ ಸಂಪಾದಕತ್ವದಲ್ಲಿ ಅಚ್ಚಾಗಿ ವಿದ್ವಾಂಸರ ಕೈಗೆ ಬಂದಿತು. 2006ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದವರು ಕೃಷಿಯ ಇತಿಹಾಸವನ್ನು ಶೋಧಿಸುವ ಸಂಸ್ಥೆಯವರು. ಸಾಹಿತ್ಯದವರು ಕಾಯುತ್ತ ಕುಳಿತಾಗ ಬೇಸಾಯದವರು ಓದಿದರು. ಅವರು ವಸ್ತುವನ್ನು ಗುರುತಿಸಬಲ್ಲರು, ಪಾಠವನ್ನು ನಿರ್ಣಯಿಸುವುದು ಅವರ ಕೆಲಸವಲ್ಲ. ಓಲೆಯ ಪ್ರತಿಗಳಲ್ಲಿ ಗುರುತಿಲ್ಲದ ಸೊಪ್ಪಿನ ಹೆಸರು ಬಂದಾಗ ಲಿಪಿಕಾರನು ತಾನು ಬಲ್ಲ ಇನ್ನೊಂದನ್ನೋ, ಗೌರವಕ್ಕಾಗಿ ಸಂಸ್ಕೃತದ ಹೆಸರನ್ನೋ ಸೇರಿಸಿಬಿಡುವ ಸಂಭವವು ಯಾವಾಗಲೂ ಇದ್ದುದೇ. ಆದರೆ ಕನ್ನಡ ಪದ್ಯಕ್ಕೆ ಸಂಸ್ಕೃತದ ಅನುಷ್ಟುಪ್ಪಿಗಿಲ್ಲದ ಒಂದು ಕಾವಲಿದೆ, ಅದು ಆದಿಪ್ರಾಸ. ಸಾಲಿನ ಎರಡನೆಯ ಅಕ್ಷರವು ಪ್ರಾಸಕ್ಕೆ ಕಟ್ಟುಬಿದ್ದಿರುವುದರಿಂದ ಸಾಲಿನ ಮೊದಲಿಗೆ ಬಂದ ದೇಶೀಯ ಹೆಸರನ್ನು ತೆಗೆದು ಇನ್ನೊಂದನ್ನು ಇಟ್ಟರೆ ಪ್ರಾಸವು ಕೆಡುವುದು, ಕಳವು ಗೊತ್ತಾಗುವುದು. ಮಂಗರಸನ ಷಟ್ಪದಿಗಳನ್ನೂ ಚಾವುಂಡರಾಯನ ಕಂದಗಳನ್ನೂ ಈ ದೃಷ್ಟಿಯಿಂದ ಸಾಲುಸಾಲಾಗಿ ಶೋಧಿಸಿ, ಪ್ರಾಸಸ್ಥಾನದಲ್ಲಿರುವ ಗಿಡ ಕಾಯಿ ಧಾನ್ಯಗಳ ಹೆಸರನ್ನು ಮೊದಲು ಪಟ್ಟಿಮಾಡಬೇಕು, ಸಾಲಿನ ನಡುವೆ ಇರುವುವನ್ನು ಆಮೇಲೆ ಪರೀಕ್ಷಿಸಬೇಕು. ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಾಗರ, ಸೊರಬ, ತೀರ್ಥಹಳ್ಳಿಗಳ ಹಿತ್ತಲುಗಳಲ್ಲಿ ವಿಚಾರಿಸುವಾಗ ಮನೆಯ ಯಜಮಾನನನ್ನು ಕೇಳಿ ಹಿಂದಿರುಗಿದರೆ ಸಾಲದು, ಅಡುಗೆಮನೆಯ ಅಜ್ಜಿಯನ್ನೂ ಕೇಳಬೇಕು.